ಬೋದಿನ ನೆತ್ತಿಯ ಮೆಂತ್ಯ

ನನ್ನ ಗಂಡ ಮೆತ್ವಲ್ಲಿ ತೀರಿಕೊಂಡ ನಾಲ್ಕನೆಯ ದಿನ ಅವನ ಅಣ್ಣ ಹಾಜಿ ಬಯ್ಯೂಮಿ ಬಂದು ನಮ್ಮ ಮನೆಯ ಹೊರಗಿನ ಮಣ್ಣಿನ ಜಗಲಿಯ ಮೇಲೆ ಕೂತರು. ನಾನು ಹೊಸ್ತಿಲ ಒಳಗೆ ಕೂತೆ. ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದೆನೋ ನೆನಪಿಲ್ಲ. ಅವರು ಒಂದು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ಇಟ್ಟರು, ಮತ್ತೆ ಮುಟ್ಟಲಿಲ್ಲ.

“ಉಮ್ಮ್ ಸನಾ,” ಅಂದರು. ಸನಾಳ ತಾಯಿ ಎಂದು. ಸನಾ ನನ್ನ ಒಬ್ಬಳೇ ಮಗಳು. ಮದುವೆಯಾಗಿ ಬೆನಿ ಸುಯೆಫ್ ಪೇಟೆಯಲ್ಲಿದ್ದಾಳೆ. “ಈ ಮಾತು ಇವತ್ತೇ ಆಡಬಾರದು, ಗೊತ್ತು. ಆದ್ರೆ ಹೊಲ ನಮ್ಮ ದುಃಖ ಮುಗೀಲಿ ಅಂತ ಕಾಯಲ್ಲ. ಇರೋದು ಎಂಟು ಕೀರಾತ್ ನೆಲ, ಮೂರನೇ ಒಂದು ಎಕರೆ. ಧರ್ಮದ ಪ್ರಕಾರ ನಿಂಗೊಂದು, ಸನಾಗೆ ನಾಲ್ಕು, ನಂಗೆ ಮೂರು. ಅದನ್ನ ತುಂಡು ಮಾಡಿದ್ರೆ ಯಾರ ಪಾಲಲ್ಲೂ ಎತ್ತು ತಿರುಗಿಸೋಕೆ ಜಾಗ ಇರಲ್ಲ. ಎಲ್ಲಾ ನಂಗೆ ಬಿಡು. ಬರ್ಸೀಮ್ ಮೇವು ಹಾಕ್ತೀನಿ. ನಿಮ್ಮಿಬ್ಬರ ಪಾಲು ಮನೆಗೆ ಬರುತ್ತೆ. ಹಾಲೂಕ್ ಹಿಡಿದ ಹೊಲದಲ್ಲಿ ಹೆಂಗಸು ಒಬ್ಳು ಏನ್ ಮಾಡ್ತಾಳೆ?”

ಹಾಲೂಕ್‌ಗೆ ಎಲೆಯಿಲ್ಲ, ಹಸಿರಿಲ್ಲ. ಈ ಕಳೆ ಮಣ್ಣಿನೊಳಗೆ ಫೂಲ್ ಗಿಡದ, ನಾವು ದಿನಾ ಬೇಯಿಸಿ ತಿನ್ನುವ ದಪ್ಪ ಕಾಳಿನ ಗಿಡದ, ಬೇರಿಗೆ ಕಚ್ಚಿಕೊಂಡು ಹೀರುತ್ತದೆ. ಫೂಲ್ ಕಾಯಿ ಕಟ್ಟುವ ಹೊತ್ತಿಗೆ ಮಾಸಲು ಬಣ್ಣದ ದಂಟಾಗಿ ನೆಲ ಒಡೆದು ಮೇಲೆ ಬರುತ್ತದೆ. ಅದು ಕಣ್ಣಿಗೆ ಬೀಳುವಾಗ ಅದರ ಕೆಲಸ ಮುಗಿದಿರುತ್ತದೆ. ಮೂರು ವರ್ಷ ನಮ್ಮ ಫೂಲ್ ಹಾಗೆಯೇ ಹೋಗಿತ್ತು. ನಾಲ್ಕನೆಯ ವರ್ಷ ಪೇಟೆಯಿಂದ ಕೊಂಡ ಫೂಲನ್ನು ಬೇಯಿಸಿ ತಿಂದೆವು. ಹೊಲವಿದ್ದೂ ಕೊಂಡು ತಿನ್ನುವುದು ಮೆತ್ವಲ್ಲಿಗೆ ಬಹಳ ನಾಚಿಕೆಯ ವಿಷಯವಾಗಿತ್ತು.

“ಈ ಸಲದ ಫೂಲ್ ಬಿತ್ತಾಗಿದೆ, ಹಾಜಿ,” ಅಂದೆ. “ಅದು ಕೊನೆವರೆಗೂ ಇರ್ಲಿ.”

“ಹಾಲೂಕ್ ಬಂದ್ರೆ?”

“ಬಂದ್ರೆ ನೀವು ಹೇಳಿದ ಹಾಗೆ. ಬರದಿದ್ರೆ ಹೊಲ ನಾನೇ ನೋಡ್ಕೋತೀನಿ.”

“ಬರದೆ ಎಲ್ಲಿಗೆ ಹೋಗುತ್ತೆ?” ಅಂದರು. “ನಮ್ಮ ಮನೆ ವಿಳಾಸ ಅದಕ್ಕೆ ಬಾಯಿಪಾಠ ಆಗಿದೆ.”

ಹಾಗೆ ಹೇಳಿದರೂ ಒಪ್ಪಿದರು. ನನ್ನ ಇದ್ದತ್ ಮುಗಿದ ಮೇಲೆ ಇಬ್ಬರೂ ಹೋಗಿ ಹೊಲ ನೋಡುವುದು, ನೋಡಿದ ಮೇಲೆ ತೀರ್ಮಾನ. ಅಲ್ಲಿಯವರೆಗೆ ನೀರು ಕಟ್ಟುವುದು ಅವರ ಜವಾಬ್ದಾರಿ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿರಬೇಕು. ಹಗಲಲ್ಲಿ ಅಗತ್ಯವಿದ್ದರೆ ಹೋಗಿಬರಬಹುದೆಂದು ನಮ್ಮ ಶೇಖ್ ಹೇಳುತ್ತಾರೆ. ಆದರೆ ನಮ್ಮೂರಿನಲ್ಲಿ ಯಾರೂ ಹೋಗುವುದಿಲ್ಲ. ನಾನೂ ಹೋಗಲಿಲ್ಲ.

ಮೆಂತ್ಯದ ಮಾತನ್ನು ನಾನು ಆ ದಿನ ಎತ್ತಲಿಲ್ಲ. ಎತ್ತಬೇಕಿತ್ತು. ಅಷ್ಟು ಮಾತಾಡುವ ಶಕ್ತಿ ಇರಲಿಲ್ಲ ಎನ್ನಬಹುದು. ನಗುತ್ತಾರೆಂಬ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಪ್ರಾಮಾಣಿಕವಾಗಿ ನನಗೆ ಗೊತ್ತಿಲ್ಲ.

ಎರಡು ಚಳಿಗಾಲದ ಹಿಂದೆ ನಾನು ಶಾಲೆಯಲ್ಲಿ ನಡೆಯುವ ಹೆಂಗಸರ ಸಂಜೆ ತರಗತಿಗೆ ಸೇರಿದ್ದೆ. ಓದು ಬರಹ ಅಲ್ಲಿಯೇ ಕಲಿತದ್ದು. ಒಂದು ಸಂಜೆ ಕೃಷಿ ಕಚೇರಿಯವರೊಬ್ಬರು ಬಂದು, ಫೂಲ್ ಸಾಲುಗಳ ನಡುವೆ ಮೆಂತ್ಯ ಬಿತ್ತಿದರೆ ಮೆಂತ್ಯದ ಬೇರಿನಿಂದ ಹೊರಬರುವ ಸತ್ವಕ್ಕೆ ಹಾಲೂಕ್ ಬೀಜ ಮೊಳೆಯುವುದಿಲ್ಲ ಎಂದರು. ಉಳಿದ ಹೆಂಗಸರು ಕೇಳಿ ಬಿಟ್ಟರು. ನಾನು ಬರೆದುಕೊಂಡೆ. ಆಗ ನಾನು ಏನು ಕೇಳಿದರೂ ಬರೆದುಕೊಳ್ಳುತ್ತಿದ್ದೆ.

ಮೆತ್ವಲ್ಲಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಮೆಂತ್ಯನಾ? ಯಾರಿಗೆ ಬಾಣಂತನ? ಹೊಲಕ್ಕಾ?”

“ಅದರ ಬೇರಿಂದ ಏನೋ ಬಿಡುತ್ತಂತೆ. ಹಾಲೂಕ್ ಮೊಳೆಯಲ್ವಂತೆ.”

“ಅಂತೆ, ಅಂತೆ! ಅಕ್ಷರ ಕಲಿತ ಮೇಲೆ ನಿನ್ನ ‘ಅಂತೆ’ ಜಾಸ್ತಿ ಆಯ್ತು, ರೌಹಿಯಾ. ಮೊದಲು ಒಲೆ ಮುಂದೆ ಕೂತು ಇದೆ, ಇಲ್ಲ ಅಂತ ಎರಡೇ ಮಾತಾಡ್ತಿದ್ದೆ.”

ಒಂದು ವರ್ಷ ಅವನು ಒಪ್ಪಲಿಲ್ಲ. ಈ ಸಲ ಅಕ್ಟೋಬರ್ ಕೊನೆಗೆ ತಾನಾಗಿಯೇ ಒಂದು ಚೀಲ ಮೆಂತ್ಯ ತಂದು ಬಾಗಿಲ ಹಿಂದೆ ಇಟ್ಟ. ಊರವರೆಲ್ಲ ಸಂತೆಗೆ ಹೋಗಿದ್ದ ಮಂಗಳವಾರ ನೋಡಿ ಬಿತ್ತಿದೆವು, ಯಾರೂ ಕಾಣಬಾರದೆಂದು. ಮಣ್ಣು ಏರಿಸಿದ ಬೋದಿನ ಎರಡು ಮಗ್ಗುಲಿಗೆ ಅವನು ಕೋಲಿನಿಂದ ಕುಳಿ ಮಾಡುತ್ತ ಹೋದ, ನಾನು ಫೂಲ್ ಕಾಳು ಹಾಕುತ್ತ ಹೋದೆ. ಬೋದಿನ ನೆತ್ತಿಗೆ ಮೆಂತ್ಯವನ್ನು ಅವನೇ ಎರಚಿದ. “ಕೇಳಿದ್ರೆ ಕೈತಪ್ಪಿ ಬಿತ್ತು ಅನ್ನು,” ಅಂದ.

ಇಪ್ಪತ್ತು ದಿನಕ್ಕೆ ಮೊದಲ ನೀರು. ಅವತ್ತು ಅವನಿಗೆ ಹೋಗಲು ಮನಸ್ಸಿರಲಿಲ್ಲ, ಎದೆ ಭಾರ ಅಂದ. ನೀರು ತಡವಾದರೆ ಮೆಂತ್ಯ ಒಣಗುತ್ತದೆ ಎಂದವಳು ನಾನು. ಪಂಪಿನ ಕೊಳವೆಯನ್ನು ಕಾಲುವೆಗೆ ಬಿಟ್ಟು ದಂಡೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ಹೃದಯ ಎಂದರು, ಯಾವತ್ತಾದರೂ ಆಗುವಂಥದ್ದು ಎಂದರು. ಇರಬಹುದು.

ನನಗೆ ಅಳು ಬರಲಿಲ್ಲ. ಹೆಣ ತೊಳೆಯುವಾಗ ಬರಲಿಲ್ಲ, ಗೋರಿಗೆ ಒಯ್ಯುವಾಗ ಬರಲಿಲ್ಲ. ಮೊದಲ ದಿನ ಹೆಂಗಸರು ಪಾಪ ಅಂದರು. ವಾರ ಕಳೆದ ಮೇಲೆ ನನ್ನ ಮುಖವನ್ನು ನೋಡಿ ತಮ್ಮತಮ್ಮಲ್ಲೇ ನೋಡಿಕೊಂಡರು. ಹಲ್ಲು ಕೀಳಿಸುವ ಮೊದಲು ದವಡೆಗೆ ಸೂಜಿ ಕೊಟ್ಟಮೇಲೆ ಇರುತ್ತದಲ್ಲ, ಮೈಯೆಲ್ಲ ಹಾಗಿತ್ತು. ಬೆಳಿಗ್ಗೆ ಏಳುತ್ತಿದ್ದೆ, ಹಿಟ್ಟು ಕಲಸುತ್ತಿದ್ದೆ, ಎಮ್ಮೆಗೆ ನೀರಿಡುತ್ತಿದ್ದೆ. ಏನಾದರೂ ಬೇಕು ಅನ್ನಿಸುತ್ತಿದ್ದದ್ದು ಒಂದೇ: ಆ ಹೊಲ ನನ್ನ ಕೈಯಲ್ಲಿ ಉಳಿಯಬೇಕು. ಅದೂ ಆಸೆಯ ಹಾಗೆ ಇರಲಿಲ್ಲ. ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ ವಸ್ತುವಿನ ಹಾಗೆ ತಲೆಯೊಳಗೆ ಒಂದು ಕಡೆ ಸುಮ್ಮನೆ ಇತ್ತು.

ದಿನಾ ತಪ್ಪದೆ ಬರುತ್ತಿದ್ದವಳು ಇನ್ಶಿರಾಹ್ ಒಬ್ಬಳೇ. ಹಾಜಿಯ ಹೆಂಡತಿ, ನನ್ನ ಓರಗಿತ್ತಿ, ನನಗಿಂತ ಹತ್ತು ವರ್ಷ ದೊಡ್ಡವಳು. ಬಾಗಿಲಲ್ಲೇ ಬೈಗುಳ ಶುರುಮಾಡಿಕೊಂಡು ಒಳಗೆ ಬರುವಳು. “ಇನ್ನೂ ತಲೆ ಬಾಚಿಲ್ವಾ? ಆ ಎಮ್ಮೆ ನಿನಗಿಂತ ಚೆನ್ನಾಗಿದೆ ನೋಡೋಕೆ.” ಅವಳು ಬಾಚಣಿಗೆ ತೆಗೆದುಕೊಂಡು ಹಿಂದೆ ಕೂತರೆ ನಾನು ತಲೆ ಕೊಟ್ಟು ಕೂರುತ್ತಿದ್ದೆ.

ನಲವತ್ತನೆಯ ದಿನ ಹೆಂಗಸರು ಬೆಳಿಗ್ಗೆ ಗೋರಿಯ ಹತ್ತಿರ ಖರ್ಜೂರದ ರೊಟ್ಟಿ ಹಂಚಿ, ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿದರು. ಇನ್ಶಿರಾಹ್ ದೊಡ್ಡ ತಟ್ಟೆ ತಂದು ನನ್ನ ಮುಂದಿಟ್ಟಳು. ರೊಟ್ಟಿ, ಮಡಕೆಯಲ್ಲಿ ಮಾಗಿಸಿದ ಉಪ್ಪು ಚೀಸ್, ಕಟ್ಟುಕಟ್ಟಾಗಿ ಹಸಿ ಮೆಂತ್ಯ ಸೊಪ್ಪು.

“ತಿನ್ನೇ. ಮುಖ ಸುಣ್ಣ ಬಳಿದ ಗೋಡೆ ಆಗಿದೆ.”

ತಿಂದೆ. ಸೊಪ್ಪು ಎಳೆಯದಾಗಿತ್ತು. ಮೂರನೆಯ ತುತ್ತಿಗೆ ಸುಮ್ಮನೆ ಮಾತಿಗೆಂದು ಕೇಳಿದೆ: “ಎಲ್ಲಿ ಸಿಕ್ತು ಅಕ್ಕಾ, ಇಷ್ಟು ಎಳೇದು?”

“ಎಲ್ಲಿ ಸಿಕ್ತು ಅಂದ್ರೆ! ನಿನ್ನ ಹೊಲದ್ದೇ!” ಅವಳು ತೊಡೆ ತಟ್ಟಿಕೊಂಡು ಎಲ್ಲರ ಕಡೆ ನೋಡಿದಳು. “ಹೇಳಬಾರದು ಅಂತಿದ್ದೆ, ನೀನೇ ಕಣ್ಣಾರೆ ನೋಡ್ಬೇಕು ಅಂತ. ಹಾಜಿ ನೀರು ಕಟ್ಟಿ ಬಂದೋರು ಹೇಳಿದ್ರು, ಪಾಪ ಮೆತ್ವಲ್ಲಿ ಬೀಜ ಸೋಸದೆ ಬಿತ್ತಿದಾನೆ, ಫೂಲ್ ಮಧ್ಯ ಬರೀ ಮೆಂತ್ಯ, ಹೋಗಿ ಕಿತ್ತು ಹಸನು ಮಾಡಿ ಅಂತ. ನಲವತ್ತಕ್ಕೆ ಬರಿಗೈಲಿ ಬರೋದಾ? ನಿನ್ನೆ ಆರು ಜನ ಹೋದ್ವಿ. ಬೋದು ಈಗ ಹೇಗಿದೆ ಗೊತ್ತಾ? ಮದುಮಗಳ ತಲೆ ಬಾಚಿದ ಹಾಗೆ.”

ಬಾಯಲ್ಲಿ ಸೊಪ್ಪಿತ್ತು. ಉಗುಳಲಾಗುತ್ತಿರಲಿಲ್ಲ. ನುಂಗಿದೆ.

“ಎಲ್ಲಾ ಕಿತ್ರಾ?”

“ಕಾಲುವೆಯಿಂದ ಹಿಡಿದು ಹಿಪ್ಪುನೇರಳೆ ಮರದ ತನಕ. ಅಷ್ಟರಲ್ಲಿ ಅಸರ್ ನಮಾಜಿನ ಬಾಂಗ್ ಆಯ್ತು. ಉಳಿದದ್ದು ನಾಳೆ.”

“ಉಳಿದ ಮೆಂತ್ಯ ನಂಗೆ, ಮೊದಲೇ ಹೇಳಿದೀನಿ,” ಎಂದಳು ಮೂಲೆಯಲ್ಲಿದ್ದವಳು. “ಸೊಸೆಗೆ ದಿನ ತುಂಬಿದೆ.”

“ಬಾಣಂತಿಗೆ ಹಸಿ ಸೊಪ್ಪು ಮೇಯಿಸ್ತೀಯಾ? ಕಾಳು ಕುದಿಸಿ ಕೊಡಬೇಕು ಕಣೇ. ಅವಳೇನು ಮೇಕೆನಾ?”

ಎಲ್ಲರೂ ನಕ್ಕರು. ನಲವತ್ತು ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಹಿಪ್ಪುನೇರಳೆ ಮರದ ತನಕ ಅಂದರೆ ಎಂಟರಲ್ಲಿ ಐದು ಕೀರಾತ್. ಇನ್ನು ಮೂರು ಉಳಿದಿದೆ. ನಾನು ಬಾಯಿ ಬಿಟ್ಟರೆ ಈ ಆರು ಜನರಿಗೆ ತಾವು ಮಾಡಿದ್ದೇನೆಂದು ಎಲ್ಲರೆದುರು ತಿಳಿಯುತ್ತದೆ. ಬಿಡದಿದ್ದರೆ ನಾಳೆ ಉಳಿದದ್ದೂ ಹೋಗುತ್ತದೆ. ಜೊತೆಗೆ, ಆ ಕಚೇರಿಯವರು ಹೇಳಿದ್ದೇ ಸುಳ್ಳಾಗಿದ್ದರೆ? ಸುಳ್ಳಲ್ಲ, ಆದರೆ ನಾನು ತಪ್ಪಾಗಿ ಬರೆದುಕೊಂಡಿದ್ದರೆ? ಒಂದು ಸಂಜೆ ಕೇಳಿದ ಮಾತನ್ನು ನೆಚ್ಚಿಕೊಂಡು, ತಲೆತಲಾಂತರದಿಂದ ಫೂಲ್ ಬೆಳೆದವರಿಗೆ ನಾನು ಏನೆಂದು ಹೇಳುವುದು?

“ಉಳಿದದ್ದು ಕೀಳಬೇಡಿ, ಅಕ್ಕಾ,” ಅಂದೆ.

“ನಾಚಿಕೆ ಪಟ್ಕೋಬೇಡ. ಅರ್ಧ ದಿನದ ಕೆಲಸ.”

“ಅವನು ಬಿತ್ತಿದ್ದು. ಅವನ ಕೈಯದ್ದು. ಹಾಗೇ ಇರ್ಲಿ.”

ಇನ್ಶಿರಾಹ್ ನನ್ನನ್ನು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತಳು. ಸೊಸೆಗೆ ಸೊಪ್ಪು ಕೇಳಿದವಳೂ ಅತ್ತಳು. ಕೊನೆಗೂ ಇವಳ ದುಃಖ ಹೊರಗೆ ಬಂತು ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ನಾನು ಆಡಿದ್ದು ಸುಳ್ಳಾಗಿರಲಿಲ್ಲ. ಆದರೆ ಅವರು ಅತ್ತ ಕಾರಣಕ್ಕೆ ಆಡಿದ್ದಲ್ಲ. ಇನ್ಶಿರಾಹಳ ಕಣ್ಣೀರು ನನ್ನ ಕತ್ತಿನ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು. ಅವಳ ಬೆರಳುಗಳಿಗೆ ಮೆಂತ್ಯದ ವಾಸನೆ ಅಂಟಿತ್ತು.

ಅವರು ಹೋದ ಮೇಲೆ ಪೆಟ್ಟಿಗೆಯಿಂದ ಸಂಜೆ ತರಗತಿಯ ಪುಸ್ತಕ ತೆಗೆದು ನೋಡಿದೆ. ‘ಮೆಂತ್ಯ ಬಿತ್ತಿದರೆ ಹಾಲೂಕ್ ಕಡಿಮೆಯಾಗುತ್ತದೆ’ ಎಂದು ನನ್ನದೇ ಅಕ್ಷರದಲ್ಲಿತ್ತು. ಬರುವುದಿಲ್ಲ ಎಂದು ಇರಲಿಲ್ಲ. ಕಡಿಮೆಯಾಗುತ್ತದೆ. ನಾನು ಮೆತ್ವಲ್ಲಿಗೂ ಬರುವುದಿಲ್ಲ ಎಂದೇ ಹೇಳಿದ್ದೆ, ಅದನ್ನೇ ನಂಬಿ ಹಾಜಿಗೂ ಮಾತು ಕೊಟ್ಟಿದ್ದೆ. ಪುಟವನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದೆ. ಮಡಿಸಿ ಇಟ್ಟೆ.

ಆಮೇಲೆ ಮೂರು ತಿಂಗಳು. ಇನ್ಶಿರಾಹ್ ದಿನಾ ಬಂದಳು, ದಿನಾ ತಲೆ ಬಾಚಿದಳು. ಪ್ರತಿದಿನ ಹೇಳಬಹುದಿತ್ತು. ಫೆಬ್ರುವರಿಯಲ್ಲಿ ಒಂದು ದಿನ ಅವಳೇ, “ಏನೋ ಹೇಳೋಕೆ ಬಾಯಿ ತೆಗೀತೀಯ, ಮತ್ತೆ ಮುಚ್ತೀಯ. ಕಾಲುವೆ ಮೀನು ಹಾಗೆ. ಏನೇ ಅದು?” ಎಂದಳು. “ಏನಿಲ್ಲ,” ಅಂದೆ. ಹಾಜಿಯನ್ನು ಹೊಲದ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾರ್ಚ್ ಶುರುವಿನಿಂದ ಅವರು ನಮ್ಮ ಜಗಲಿಯ ಮೇಲೆ ಕೂರುವುದನ್ನು ಬಿಟ್ಟರು. ದಾರಿಯಲ್ಲೇ ನಿಂತು ಸಲಾಂ ಹೇಳಿ ಹೋಗುತ್ತಿದ್ದರು. ಹಾಲೂಕ್ ಬಂದಿದೆಯೆಂದು ಅದರಿಂದ ನನಗೆ ಅರ್ಥವಾಯಿತು.

ಇದ್ದತ್ ಮುಗಿದ ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ಹಾಜಿ ಮುಂದೆ ಕತ್ತೆಯ ಮೇಲೆ, ನಾವಿಬ್ಬರು ಹಿಂದೆ. ಬಿಸಿಗಾಳಿ ಬೀಸುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ನನಗೆ ಸಮಾಧಾನ ಹೇಳಿದರು. ನಾನು ಕಾಲಿನ ಕಡೆ ನೋಡಿಕೊಂಡು ನಡೆದೆ. ಇಷ್ಟು ದಿನ ಒಳಗಿದ್ದು ನಡೆಯುವುದೇ ಮರೆತಂತಾಗಿತ್ತು.

ನಮ್ಮ ಹೊಲಕ್ಕೆ ಹೋಗುವುದು ಕಾಲುವೆ ಕಡೆಯಿಂದಲೇ. ಹಾಜಿ ಕತ್ತೆಯಿಂದ ಇಳಿದು ಪಕ್ಕಕ್ಕೆ ಸರಿದು ನಿಂತರು, ನನಗೆ ಕಾಣಲಿ ಎಂದು.

ಫೂಲ್ ಗಿಡಗಳು ಕಪ್ಪಾಗಿ ಬಾಡಿದ್ದವು. ಕಾಯಿ ಇದ್ದರೂ ಚಪ್ಪಟೆ. ಪ್ರತಿ ಗಿಡದ ಬುಡದಲ್ಲೂ ಹಾಲೂಕ್, ಎರಡು, ಮೂರು, ಕೆಲವು ಕಡೆ ಐದು, ಮೊಣಕಾಲೆತ್ತರ. ಬಿಳಿಗೆ ನೇರಳೆ ಗೆರೆಯ ಹೂ ಬಿಟ್ಟು ನೆಟ್ಟಗೆ ನಿಂತಿತ್ತು. ಬಿತ್ತಿದ್ದು ಅದನ್ನೇ ಅನ್ನುವ ಹಾಗೆ.

“ನಾನು ಹೇಳಿದ್ದೆ,” ಅಂದರು ಹಾಜಿ. ಧ್ವನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. “ಮನಸ್ಸಿಗೆ ಹಚ್ಕೋಬೇಡ. ಈ ವಾರವೇ ಉತ್ತು ಬಿಡ್ತೀನಿ.”

“ಆ ತುದಿವರೆಗೂ ಹೋಗೋಣ,” ಅಂದೆ.

“ಅಲ್ಲೂ ಇದೇ ಹೊಲ ತಾನೇ?”

“ನೀವು ಹೋಗಿ ನೋಡಿದೀರಾ?”

ಅವರು ಹೋಗಿರಲಿಲ್ಲ. ನೀರಿನ ಬಾಯಿ ಈ ಕಡೆಗಿದೆ; ಕಟ್ಟಿ ಬಿಟ್ಟರೆ ನೀರು ತಾನಾಗಿ ಹೋಗುತ್ತದೆ. ಇದನ್ನು ನೋಡಿದ ಮೇಲೆ ಮುಂದಕ್ಕೆ ಹೋಗಲು ಅವರಿಗೆ ಕಾರಣವಿರಲಿಲ್ಲ.

ಹಿಪ್ಪುನೇರಳೆ ಮರ ದಾಟಿದೆವು. ಅಲ್ಲಿಂದಾಚೆ ಫೂಲ್ ಹಸಿರಾಗಿತ್ತು, ಕಾಯಿ ತುಂಬಿಕೊಂಡಿತ್ತು. ಬೋದಿನ ನೆತ್ತಿಯ ಮೆಂತ್ಯ ಹಣ್ಣಾಗಿ ಹಳದಿಗೆ ತಿರುಗಿತ್ತು. ಹಾಲೂಕ್ ಅಲ್ಲಿಯೂ ಇತ್ತು. ಇಲ್ಲವೆಂದು ಹೇಳಲಾರೆ. ಮೊದಲ ಬೋದಿನಲ್ಲಿ ನಾಲ್ಕು ದಂಟು ಕಂಡೆ, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಯಾವುದೂ ಕಾಣಲಿಲ್ಲ. ನಾಲ್ಕನೆಯದನ್ನು ನೋಡಲು ಹೋಗುವಾಗ ಹಾಜಿ ತಡೆದರು.

“ಇಲ್ಲಿ ಏನು ಹಾಕಿದೆ?”

“ಏನೂ ಇಲ್ಲ. ಅಲ್ಲಿ ಹಾಕಿದ್ದನ್ನೇ.”

“ಮತ್ತೆ?”

ಹೇಳಿದೆ. ಸಂಜೆ ತರಗತಿ, ಕಚೇರಿಯವರು, ಮೆತ್ವಲ್ಲಿ ತಂದ ಚೀಲ. ಹೇಳುವಾಗ ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. ಇನ್ಶಿರಾಹ್ ಮೊದಲು ತಲೆಯಾಡಿಸುತ್ತ ಕೇಳುತ್ತಿದ್ದಳು. ನಡುವೆ ಎಲ್ಲೋ ತಲೆಯಾಡಿಸುವುದು ನಿಂತಿತು. ಅವಳು ಹಿಂದೆ ತಿರುಗಿ ಮರದ ಆಚೆ ನೋಡಿದಳು, ಮತ್ತೆ ಈಚೆ ನೋಡಿದಳು.

“ಅಂದ್ರೆ ನಾವು ಕಿತ್ತಿದ್ದಕ್ಕೆ...”

“ಗೊತ್ತಿಲ್ಲ, ಅಕ್ಕಾ,” ಅಂದೆ ಬೇಗ. “ಅಲ್ಲಿ ನೀರು ಜಾಸ್ತಿ ನಿಂತಿರಬಹುದು. ಮಣ್ಣೂ ಬೇರೆ ಇರಬಹುದು.”

ಹಾಜಿ ನನ್ನನ್ನೇ ನೋಡಿದರು. “ನೀರೋ, ಮೆಂತ್ಯವೋ? ಒಂದು ಹೇಳು, ಉಮ್ಮ್ ಸನಾ. ನೀರು ಅಂದ್ರೆ ಹೊಲಕ್ಕೆ ಹಾಲೂಕ್ ಬಂದಿದೆ, ಮಾತು ಮುಗೀತು. ಮೆಂತ್ಯ ಅಂದ್ರೆ ಬೇರೆ.”

ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ಶಿರಾಹ್ ತನ್ನ ಕೈಗಳನ್ನು ಕಪ್ಪು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು, ಕೈಯಲ್ಲಿ ಏನೂ ಇರಲಿಲ್ಲ. ಖಚಿತವಾಗಿ ನನಗೆ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

“ಮೆಂತ್ಯ,” ಅಂದೆ.

ಇನ್ಶಿರಾಹ್ ಬೋದಿನ ಮೇಲೆಯೇ ಕುಸಿದು ಕೂತಳು. “ಅಷ್ಟೂ ಜನರನ್ನ ನಾನೇ ಕರ್ಕೊಂಡು ಬಂದೆ,” ಅಂದಳು. ಆಮೇಲೆ ಗಂಡನ ಕಡೆ ತಿರುಗಿದಳು. “ನೀವು ತಾನೇ ಹೇಳಿದ್ದು, ಸೋಸದ ಬೀಜ ಅಂತ!”

“ಹೇಳಿದೆ. ಕನಸು ಬಿದ್ದಿತ್ತಾ ನಂಗೆ? ಯಾರು ಹೇಳಿದ್ರು ಬೇಕು ಅಂತ ಬಿತ್ತಿದ್ದು ಅಂತ?”

ಇಬ್ಬರೂ ನನ್ನ ಕಡೆ ನೋಡಿದರು.

“ನಲವತ್ತನೇ ದಿನ ನಿಂಗೆ ಗೊತ್ತಾಯ್ತು,” ಅಂದಳು ಇನ್ಶಿರಾಹ್. ಧ್ವನಿ ಸಣ್ಣದಾಗಿತ್ತು, ನಾನು ಅವಳ ಬಾಯಲ್ಲಿ ಎಂದೂ ಕೇಳದ ಧ್ವನಿ. “ತಟ್ಟೆ ಮುಂದೆ ಕೂತೇ ಗೊತ್ತಾಯ್ತು. ಬಾಯಲ್ಲಿ ನಾಲಿಗೆ ಇರ್ಲಿಲ್ವಾ? ಎಂಥ ಕೆಲಸ ಮಾಡಿದ್ಯೇ ಮುದುಕಿ ಅಂತ ಬೈದಿದ್ರೆ ಬೈಸ್ಕೋತಿದ್ದೆ. ಅಷ್ಟೂ ಕೈಗಳಿಂದ ಮತ್ತೆ ಮೆಂತ್ಯ ಬಿತ್ತಿಸ್ತಿದ್ದೆ. ನೀನು ತಿಂದೆ. ನಾನು ಕೊಟ್ಟಿದ್ದನ್ನ ಸುಮ್ಮನೆ ತಿಂದೆ. ಮೂರು ತಿಂಗಳು ನನ್ನ ಕೈಲಿ ತಲೆ ಬಾಚಿಸ್ಕೊಂಡೆ.”

ನಾನು ಏನಾದರೂ ಹೇಳಬೇಕೆಂದು ಅವಳು ಕಾದಳು. ನಿಜವಾಗಿ ಕಾದಳು, ಎಣಿಸಿದರೆ ಇಪ್ಪತ್ತು ಎಣಿಸುವಷ್ಟು ಹೊತ್ತು. ನನ್ನೊಳಗೆ ಹುಡುಕಿದೆ. ಏನೂ ಸಿಗಲಿಲ್ಲ.

ಅವಳು ಎದ್ದು ಬಟ್ಟೆ ಕೊಡವಿಕೊಂಡು ದಾರಿಯ ಕಡೆ ನಡೆದಳು. ಕತ್ತೆಯ ಪಕ್ಕದಿಂದಲೇ ಹೋದಳು, ಹತ್ತಲಿಲ್ಲ.

ಹಾಜಿ ಒಂದು ಫೂಲ್ ಕಾಯಿ ಕಿತ್ತು ಸಿಪ್ಪೆ ಬಿಡಿಸಿ ಹಸಿ ಕಾಳನ್ನು ಬಾಯಿಗೆ ಹಾಕಿಕೊಂಡರು. “ಮುಂದಿನ ಚಳಿಗಾಲಾನೂ ನೀನೇ ಹಾಕು,” ಅಂದರು. “ನನ್ನ ಪಾಲಿನ ಮೂರು ಕೀರಾತೂ ಸೇರಿ. ಆಮೇಲೆ ನೋಡೋಣ.” ನಂತರ, ಹೋಗುತ್ತಾ, ನನ್ನ ಕಡೆ ತಿರುಗದೆ: “ನಾಳೆ ಅವಳು ಬರದಿದ್ರೆ ಬೇಜಾರು ಮಾಡ್ಕೋಬೇಡ.”

ಹೊಲ ಉಳಿಯಿತು. ಅದನ್ನು ಮನಸ್ಸಿನೊಳಗೆ ಎರಡು ಸಲ ಹೇಳಿಕೊಂಡೆ, ಏನಾದರೂ ಆಗುತ್ತದೆಯೇ ಎಂದು. ಕತ್ತೆಯ ಗೊರಸಿನ ಸದ್ದು ದಾರಿಯಲ್ಲಿ ಸಣ್ಣದಾಗುತ್ತ ಹೋಯಿತು.

ಹಾಲೂಕ್ ಬೀಜ ಉದುರುವ ಮೊದಲು ಕಿತ್ತು ಸುಡಬೇಕು, ಇಲ್ಲದಿದ್ದರೆ ಅದರ ಬೀಜ ಮಣ್ಣಿನಲ್ಲಿ ಹತ್ತು ವರ್ಷ ಬದುಕಿರುತ್ತದೆ. ಇದೂ ಬರೆದುಕೊಂಡದ್ದೇ. ಕಾಲುವೆ ಕಡೆಗೆ ವಾಪಸು ನಡೆದು, ಮೊದಲ ಬೋದಿನ ತುದಿಯಲ್ಲಿ ಮಂಡಿಯೂರಿದೆ. ದಂಟನ್ನು ಬುಡದಲ್ಲಿ ಹಿಡಿದು ಎಳೆದರೆ ಮಣ್ಣಿನೊಳಗಿನ ಗಡ್ಡೆ ಸಮೇತ ಬರುತ್ತಿತ್ತು. ಗಡ್ಡೆಯ ಜೊತೆಗೆ ಅದು ಕಚ್ಚಿಕೊಂಡಿದ್ದ ಫೂಲ್ ಗಿಡವೂ ಬೇರುಸಹಿತ ಬರುತ್ತಿತ್ತು. ಮೊದಲ ಎರಡು ಮೂರು ಗಿಡಗಳನ್ನು ಬಿಡಿಸಿ ಬೇರೆ ಮಾಡಲು ನೋಡಿದೆ. ಆಮೇಲೆ ಎರಡನ್ನೂ ಒಟ್ಟಿಗೇ ತಂದಿದ್ದ ಚೀಲಕ್ಕೆ ತುಂಬುತ್ತ ಹೋದೆ.